ಹಿತ್ತಲ ಗಿಡವೂ ಹಿಮನಾಡಿನ ಲ್ಯಾವೆಂಡರೂ

ಸುಗಂಧಕ್ಕೆ ಮನಸೋಲದ ಮನುಷ್ಯರು ವಿರಳ. ದೇವರ ಮುಡಿಯ ಮೇಲಿನ ದವನದ ಎಸಳು, ಹೆರಳಿನಲ್ಲಿ ಮಲ್ಲಿಗೆಯೊಡನೆ ಕಟ್ಟಿದ ಮರುಗ, ಬೇಸಿಗೆಯ ಹೂಜಿಯಲ್ಲಿ ಮುಳುಗಿರುವ ಲಾವಂಚದ ಬೇರು, ಇವು ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದ ಪರಿಮಳಗಳು. ಈಚಿನ ವರ್ಷಗಳಲ್ಲಿ ಈ ಪಂಕ್ತಿಗೆ ಹೊರಗಿನ ಅತಿಥಿಯೊಂದು ಬಂದು ಸೇರಿದೆ. ಅದೇ ಲ್ಯಾವೆಂಡರ್. ಸಾಬೂನಿನಲ್ಲಿ, ಊದುಬತ್ತಿಯಲ್ಲಿ, ತಲೆದಿಂಬಿನ ಚೀಲದಲ್ಲಿ ಎಲ್ಲೆಲ್ಲಿಯೂ ಅದರ ಹೆಸರು ಕೇಳಿಬರುತ್ತಿದೆ. ನಿದ್ರೆ ತರಿಸುತ್ತದೆ, ಚಿಂತೆ ಕಳೆಯುತ್ತದೆ, ಸೊಳ್ಳೆ ಓಡಿಸುತ್ತದೆ ಎಂಬ ಕೀರ್ತಿಯೂ ಅದಕ್ಕುಂಟು.

ಇಂತಹ ಗಿಡವನ್ನು ಮನೆಯಲ್ಲಿಯೇ ಬೆಳೆಸಬೇಕೆಂಬ ಆಸೆ ಸಹಜ. ಕೋಲ್ಕತ್ತೆಯ ಕಸ್ಬಾದಂತಹ ಬಡಾವಣೆಯಲ್ಲಿ ನೆಲವೆಂಬುದು ದುರ್ಲಭವಾದರೂ ತಾರಸಿಗೂ ಬಾಲ್ಕನಿಗೂ ಕೊರತೆಯಿಲ್ಲ. ಆದರೆ ಡಿಸೆಂಬರಿನಲ್ಲಿ ಹಣ ಕೊಟ್ಟು ತಂದ ಗಿಡವು ಜುಲೈ ತಿಂಗಳ ಹೊತ್ತಿಗೆ ಕಂದು ಬಣ್ಣದ ಕಡ್ಡಿಯಾಗಿ ನಿಂತಿರುತ್ತದೆ. ಗೃಹಿಣಿಯು ತನ್ನ ಕೈಗುಣವನ್ನು ಹಳಿದುಕೊಳ್ಳುತ್ತಾಳೆ. ಗೃಹಸ್ಥನು ಅಂಗಡಿಯವನನ್ನು ಹಳಿಯುತ್ತಾನೆ. ವಾಸ್ತವದಲ್ಲಿ ತಪ್ಪು ಇಬ್ಬರದೂ ಅಲ್ಲ. ಆ ಗಿಡದ ಹುಟ್ಟು, ಅದರ ಬೇಸಾಯದ ರೀತಿ, ಅದರ ಗುಣದೋಷಗಳು, ಅದಕ್ಕೆ ಬದಲಾಗಿ ಇಲ್ಲಿ ಬೆಳೆಯಬಲ್ಲ ನಮ್ಮವೇ ಆದ ಸುಗಂಧಸಸ್ಯಗಳು, ಇವುಗಳನ್ನು ಕ್ರಮವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸಸ್ಯದ ಪರಿಚಯ

ಲ್ಯಾವೆಂಡರ್ ತುಲಸಿಯ ಕುಟುಂಬಕ್ಕೆ ಸೇರಿದ ಪುಟ್ಟ ಪೊದೆ. ಸಸ್ಯಶಾಸ್ತ್ರಜ್ಞರು ಇದನ್ನು ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಎಂದು ಕರೆಯುತ್ತಾರೆ. ಬೂದು ಮಿಶ್ರಿತ ಹಸುರಿನ ಕಿರಿದಾದ ಎಲೆ, ಉದ್ದವಾದ ತೆನೆಯಲ್ಲಿ ನೇರಿಳೆ ಬಣ್ಣದ ಹೂ ಇದರ ಲಕ್ಷಣಗಳು. 'ಇಂಗ್ಲಿಷ್ ಲ್ಯಾವೆಂಡರ್' ಎಂಬ ಹೆಸರು ರೂಢಿಯಲ್ಲಿದ್ದರೂ ಇದರ ತವರು ಇಂಗ್ಲೆಂಡ್ ಅಲ್ಲ; ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಭಾಗದ ದೇಶಗಳ ಸುಣ್ಣಕಲ್ಲಿನ ಬೆಟ್ಟಗಳೇ ಇದರ ಹುಟ್ಟೂರು. ಲಂಡನ್ನಿನ ದಕ್ಷಿಣಕ್ಕಿರುವ ಮಿಚಮ್ ಎಂಬ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾವೆಂಡರ್ ತೈಲಕ್ಕೆ ಪ್ರಸಿದ್ಧವಾಗಿದ್ದಿತು. ಇಂಗ್ಲಿಷ್ ತೋಟಗಳ ಹೆಸರನ್ನೇ ಹೊತ್ತ 'ಹಿಡ್‌ಕೋಟ್', 'ಮನ್‌ಸ್ಟೆಡ್' ಎಂಬ ತಳಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಿಕೊಳ್ಳಬಲ್ಲವು.

ಇನ್ನೊಂದು ಸ್ವಾರಸ್ಯವೂ ಉಂಟು. ಈ ಕುಲದ ಕೆಲವು ಕಾಡುಗಿಡಗಳು ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿಯೇ ಸ್ವತಂತ್ರವಾಗಿ ಬೆಳೆಯುತ್ತವೆ. ಲ್ಯಾವೆಂಡುಲಾ ಬೈಪಿನ್ನೇಟಾ ಎಂಬುದು ಅವುಗಳಲ್ಲಿ ಒಂದು. ಆದುದರಿಂದ ಲ್ಯಾವೆಂಡರಿನ ಬಂಧುಬಳಗಕ್ಕೆ ಭಾರತ ಪೂರ್ತಿ ಹೊಸದೇನಲ್ಲ.

ಹೆಸರಿನ ಸಾಮ್ಯದಿಂದ ಲಾವಂಚವನ್ನೂ ಲ್ಯಾವೆಂಡರನ್ನೂ ಒಂದೆಂದು ಭಾವಿಸುವವರಿದ್ದಾರೆ. ಇದು ತಪ್ಪು. ಲಾವಂಚವು ಹುಲ್ಲಿನ ಜಾತಿಯದು, ಅದರ ಪರಿಮಳ ಬೇರಿನಲ್ಲಿದೆ. ಲ್ಯಾವೆಂಡರ್ ಪೊದೆಯ ಜಾತಿಯದು, ಅದರ ಪರಿಮಳ ಹೂವಿನಲ್ಲಿದೆ.

ಭದರ್ವಾಹದ ನಿದರ್ಶನ

ನಮ್ಮ ದೇಶದಲ್ಲಿ ಈ ಗಿಡವು ನಿಜವಾಗಿ ಒಗ್ಗಿರುವುದು ಉತ್ತರದ ಹಿಮಪ್ರದೇಶದಲ್ಲಿ. ಜಮ್ಮು ಮತ್ತು ಕಾಶ್ಮೀರದ ದೋಡಾ ಜಿಲ್ಲೆಯ ಭದರ್ವಾಹವು ಸಮುದ್ರಮಟ್ಟದಿಂದ 5,000 ಅಡಿಗೂ ಮಿಕ್ಕಿ ಎತ್ತರದಲ್ಲಿರುವ ಕಣಿವೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಅಲ್ಲಿಯ ರೈತರು ತಲೆಮಾರುಗಳಿಂದ ಇಳಿಜಾರು ಹೊಲಗಳಲ್ಲಿ ಮೆಕ್ಕೆಜೋಳವನ್ನು ಬೆಳೆಯುತ್ತಿದ್ದರು. ಜಮ್ಮುವಿನಲ್ಲಿರುವ ಸಂಶೋಧನಾಲಯವು (ಮೊದಲು ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವೆನಿಸಿ, 2007ರಿಂದ ಭಾರತೀಯ ಸಮಗ್ರ ವೈದ್ಯವಿಜ್ಞಾನ ಸಂಸ್ಥೆ ಎಂಬ ಹೆಸರನ್ನು ಪಡೆದಿದೆ) 'ಆರ್‌ಆರ್‌ಎಲ್-12' ಎಂಬ ತಳಿಯನ್ನು ಸಿದ್ಧಪಡಿಸಿತು. ಮುಂದೆ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತಿನ 'ಅರೋಮಾ ಮಿಷನ್' ಯೋಜನೆಯ ಮೂಲಕ ರೈತರಿಗೆ ಸಸಿಗಳನ್ನೂ ತರಬೇತಿಯನ್ನೂ ಒದಗಿಸಲಾಯಿತು. ಭಟ್ಟಿ ಇಳಿಸುವ ಘಟಕಗಳನ್ನು ಸ್ಥಾಪಿಸಲಾಯಿತು. 2022ರ ಮೇ ತಿಂಗಳಿನಲ್ಲಿ ಭದರ್ವಾಹದಲ್ಲಿ ಲ್ಯಾವೆಂಡರ್ ಉತ್ಸವವೇ ನಡೆಯಿತು. ಹೂವಿನ ಬಣ್ಣವನ್ನು ನೆನೆದು ಈ ಬದಲಾವಣೆಯನ್ನು ಜನರು 'ನೇರಿಳೆ ಕ್ರಾಂತಿ' ಎಂದು ಕರೆಯುತ್ತಿದ್ದಾರೆ.

ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಇದರ ಮರ್ಮವು ಸ್ಪಷ್ಟವಾಗುತ್ತದೆ. ಮೆಕ್ಕೆಜೋಳವು ವರ್ಷವರ್ಷವೂ ಬಿತ್ತಬೇಕಾದ ಬೆಳೆ. ಅದು ಚಾಲ್ತಿ ಖರ್ಚಿನಂತೆ. ಲ್ಯಾವೆಂಡರ್ ಒಮ್ಮೆ ನೆಟ್ಟರೆ ಎರಡು ಮೂರು ವರ್ಷಗಳಲ್ಲಿ ಫಲಕ್ಕೆ ಬಂದು, ಹದಿನೈದು ವರ್ಷಗಳಷ್ಟು ಕಾಲ ಆದಾಯ ಕೊಡುತ್ತದೆ; ಅದು ಸ್ಥಿರಾಸ್ತಿಯಂತೆ. ನೀರು ಕಡಿಮೆ ಸಾಕು, ಗೊಬ್ಬರ ಕಡಿಮೆ ಸಾಕು. ಆದರೆ ಆರಂಭದ ಆ ಎರಡು ಮೂರು ವರ್ಷಗಳಲ್ಲಿ ಕೈಹಿಡಿಯುವವರು ಬೇಕು. ಸಸಿ, ತರಬೇತಿ, ಭಟ್ಟಿ ಮೂರೂ ಒಟ್ಟಿಗೆ ದೊರೆತುದರಿಂದಲೇ ಅಲ್ಲಿ ಕಾರ್ಯಸಿದ್ಧಿಯಾಯಿತು. ನೂರು ಕಿಲೋ ಹೂವನ್ನು ಭಟ್ಟಿ ಇಳಿಸಿದರೆ ದೊರೆಯುವ ತೈಲವು ಸುಮಾರು ಒಂದು ಕಿಲೋ ಮಾತ್ರ. ಭಟ್ಟಿಯು ಸಮೀಪದಲ್ಲಿಲ್ಲದಿದ್ದರೆ ಇಷ್ಟು ಹೂವನ್ನು ಸಾಗಿಸುವ ವೆಚ್ಚವೇ ಲಾಭವನ್ನು ನುಂಗಿಬಿಡುವುದು.

ಉತ್ತರದ ತೋಟದಲ್ಲಿ ಬೇಸಾಯಕ್ರಮ

ಹಿಮಾಚಲ, ಕಾಶ್ಮೀರ ಮುಂತಾದ ಶೀತಪ್ರದೇಶಗಳಲ್ಲಿಯೋ ಪರದೇಶದ ಚಳಿನಾಡುಗಳಲ್ಲಿಯೋ ನೆಲೆಸಿರುವ ಬಂಧುಗಳಿಗೆ ಈ ಭಾಗವು ಉಪಯೋಗಕ್ಕೆ ಬಂದೀತು.

ಮೊದಲನೆಯದು ಸ್ಥಳದ ಆಯ್ಕೆ. ದಿನಕ್ಕೆ ಆರೆಂಟು ಗಂಟೆಗಳ ನೇರ ಬಿಸಿಲು ಬೇಕು. ಇಳಿಜಾರು ಭೂಮಿಯು ಶ್ರೇಷ್ಠ. ಸಮತಟ್ಟಾದ ನೆಲವಿದ್ದರೆ ಅರ್ಧ ಅಡಿ ಎತ್ತರದ ದಿಬ್ಬವನ್ನು ಮಾಡಿ ಅದರ ಮೇಲೆ ನೆಡಬೇಕು.

ಎರಡನೆಯದು ಮಣ್ಣು. ಮರಳು, ಜಲ್ಲಿ ಬೆರೆತು ನೀರು ಬೇಗನೆ ಬಸಿದುಹೋಗುವ, ತುಸು ಸುಣ್ಣದ ಅಂಶವುಳ್ಳ ಮಣ್ಣು ಹಿತ. ಮಣ್ಣು ಹುಳಿಯಾಗಿದ್ದರೆ ಸುಣ್ಣವನ್ನು ಬೆರೆಸಿ ಸರಿಪಡಿಸಬೇಕು. ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಹಾಕಕೂಡದು. ಹೆಚ್ಚು ಉಂಡ ಗಿಡವು ಮೆದುವಾಗಿ ಬೆಳೆದು, ಹೂ ಕಡಿಮೆಯಾಗಿ, ಚಳಿಗೆ ಬೇಗ ತುತ್ತಾಗುತ್ತದೆ.

ಮೂರನೆಯದು ನೆಡುವಿಕೆ. ಬೀಜದಿಂದ ಬೆಳೆಸುವುದು ನಿಧಾನ; ಮೊಳಕೆಯೊಡೆಯಲು ಕೆಲವು ವಾರಗಳ ಶೈತ್ಯವೂ ಬೇಕಾಗುತ್ತದೆ, ತಾಯಿಗಿಡದ ಗುಣವೂ ತಪ್ಪದೆ ಬರುವುದಿಲ್ಲ. ಆದುದರಿಂದ ಹೂವಿಲ್ಲದ ಎಳೆಯ ರೆಂಬೆಯಿಂದ ಮೂರು ನಾಲ್ಕು ಅಂಗುಲದ ಕಡ್ಡಿಯನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ತೇವದ ಮರಳಿನಲ್ಲಿ ಬೇರು ಬರಿಸುವುದು ಉತ್ತಮ. ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಅಂತರವಿದ್ದರೆ ಗಾಳಿಯಾಡುತ್ತದೆ.

ನಾಲ್ಕನೆಯದು ನೀರು. ಮೊದಲ ವರ್ಷ ಬೇರೂರುವ ತನಕ ಕ್ರಮವಾಗಿ ನೀರೆರೆಯಬೇಕು. ಅನಂತರ ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ನೀರು ಕೊಡಬೇಕು.

ಐದನೆಯದು ಸವರುವಿಕೆ. ಹೂ ಮುಗಿದೊಡನೆ ಹಸುರು ಭಾಗದ ಮೂರರಲ್ಲೊಂದು ಪಾಲನ್ನು ಕತ್ತರಿಸಿ ಪೊದೆಯನ್ನು ದುಂಡಗೆ ಮಾಡಬೇಕು. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿಂದ ಮರಳಿ ಚಿಗುರುವುದು ಕಷ್ಟ.

ಆರನೆಯದು ಚಳಿಗಾಲದ ರಕ್ಷಣೆ. ಇಲ್ಲಿ ಹಲವರು ಎಡವುತ್ತಾರೆ. ಲ್ಯಾವೆಂಡರನ್ನು ಕೊಲ್ಲುವುದು ಹೆಚ್ಚಾಗಿ ಬರಿಯ ಚಳಿಯಲ್ಲ, ಚಳಿಯೊಡನೆ ಕೂಡಿದ ತೇವ. ಗಿಡದ ಬುಡಕ್ಕೆ ಹುಲ್ಲು, ಎಲೆಕಸ ಹೊದಿಸಿದರೆ ತೇವ ನಿಲ್ಲುತ್ತದೆ. ಬದಲಿಗೆ ಸಣ್ಣ ಜಲ್ಲಿಯನ್ನು ಹರಡಬೇಕು. ಮೇಲೆ ಬಿದ್ದ ಹಿಮವು ಶತ್ರುವಲ್ಲ. ಅದು ಕಂಬಳಿಯಂತೆ ಗಿಡವನ್ನು ಒಣಗಿಸುವ ಶೀತಗಾಳಿಯಿಂದ ಕಾಪಾಡುತ್ತದೆ.

ಕಸ್ಬಾದ ಹವೆ

ಮೇಲಿನ ಆರು ಅಂಶಗಳನ್ನು ಕಸ್ಬಾದ ಪರಿಸ್ಥಿತಿಗೆ ಹೋಲಿಸಿ ನೋಡಬೇಕು. ಕೋಲ್ಕತ್ತೆಯು ಸಮುದ್ರಮಟ್ಟದಿಂದ ಕೆಲವೇ ಮೀಟರುಗಳ ಎತ್ತರದಲ್ಲಿದೆ. ಪೂರ್ವದಿಕ್ಕಿಗೆ ಜೌಗುಭೂಮಿ, ಕಾಲಿನ ಕೆಳಗೆ ನದಿಯ ಮೆಕ್ಕಲು ಮಣ್ಣು. ವರ್ಷಕ್ಕೆ ಸರಾಸರಿ 1,600ರಿಂದ 1,800 ಮಿಲಿಮೀಟರಿನಷ್ಟು ಮಳೆ; ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಮೇ ತಿಂಗಳಿನ ಸೆಕೆಯಲ್ಲಿ ರಾತ್ರಿಯೂ ತಂಪಿಲ್ಲ. ಜನವರಿಯ ಚಳಿಯೆಂದರೆ 13–14 ಡಿಗ್ರಿ ಮಾತ್ರ.

ಹೀಗಿರುವಲ್ಲಿ ಗಿಡಕ್ಕೆ ಮೂರು ಬಗೆಯ ಆಪತ್ತು ಒದಗುತ್ತದೆ. ಒದ್ದೆ ಮಣ್ಣಿನಲ್ಲಿ ಬೂಷ್ಟು ಬೆಳೆದು ಬೇರು ಕೊಳೆಯುತ್ತದೆ. ಗಾಳಿಯ ತೇವದಿಂದ ಪೊದೆಯ ಒಳಭಾಗವು ಒಣಗದೆ ಎಲೆಗಳು ಕಪ್ಪಾಗಿ ಉದುರುತ್ತವೆ. ಹೂಬಿಡಲು ಬೇಕಾದ ದೀರ್ಘ ಶೈತ್ಯವು ದೊರೆಯದೆ, ಬದುಕುಳಿದ ಗಿಡವೂ ಹೂವಿಗೆ ಜಿಪುಣತನ ತೋರುತ್ತದೆ. ಆದುದರಿಂದ 'ಚಳಿಯನ್ನು ತಾಳಬಲ್ಲ' ಎಂಬ ಪ್ರಶಸ್ತಿಯಿಂದ ಈ ಊರಿನಲ್ಲಿ ಯಾವ ಪ್ರಯೋಜನವೂ ಇಲ್ಲ. ಇಲ್ಲಿ ಬೇಕಾಗಿರುವುದು ಮಳೆಯನ್ನು ತಾಳುವ ಶಕ್ತಿ.

ಆದರೂ ಹಂಬಲ ತೀರದವರು ಇದನ್ನು ಚಳಿಗಾಲದ ಸೇವಂತಿಗೆಯಂತೆ ಒಂದು ಋತುವಿನ ಗಿಡವೆಂದು ಭಾವಿಸಿ ಬೆಳೆಸಬಹುದು. ನವೆಂಬರಿನಲ್ಲಿ ಸಸಿಯನ್ನು ತಂದು, ತಳದಲ್ಲಿ ರಂಧ್ರವುಳ್ಳ ಮಣ್ಣಿನ ಕುಂಡದಲ್ಲಿ ನೆಡಬೇಕು. ಅರ್ಧ ತೋಟದ ಮಣ್ಣು, ಉಳಿದರ್ಧ ದಪ್ಪ ಮರಳು ಮತ್ತು ಇಟ್ಟಿಗೆಯ ಚೂರು ಇರಲಿ. ಒಂದು ಹಿಡಿ ಹಳೆಯ ಸುಣ್ಣದ ಗಾರೆಯ ಪುಡಿಯನ್ನು ಬೆರೆಸಿದರೆ ಒಳ್ಳೆಯದು. ತಾರಸಿಯ ದಕ್ಷಿಣದ ಬಿಸಿಲಿನಲ್ಲಿಟ್ಟು, ಮಾರ್ಚಿಯ ಕೊನೆಗೆ ಕಡ್ಡಿಗಳನ್ನು ಕತ್ತರಿಸಿ ನೆರಳಿನಲ್ಲಿ ತಲೆಕೆಳಗಾಗಿ ಒಣಗಿಸಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಗಿಡ ಹೋದರೆ ಅದನ್ನು ನಷ್ಟವೆಂದೆಣಿಸದೆ ಸವಕಳಿಯೆಂದು ಬರೆದುಕೊಂಡರೆ ಮನಸ್ಸಿಗೆ ನೆಮ್ಮದಿ.

ತೋಟಗಾರಿಕೆಯಲ್ಲಿ ಆಸಕ್ತಿಯುಳ್ಳವರು ಆಲಿಪುರದಲ್ಲಿರುವ ಭಾರತೀಯ ಕೃಷಿ-ತೋಟಗಾರಿಕಾ ಸಂಘದ ಉದ್ಯಾನವನ್ನು ಒಮ್ಮೆ ನೋಡತಕ್ಕದ್ದು. ಈ ಸಂಘವನ್ನು 1820ರಲ್ಲಿ ಸ್ಥಾಪಿಸಿದವರು ಶ್ರೀರಾಮಪುರದ ವಿಲಿಯಂ ಕೇರಿ. ಇದೇ ಮಹನೀಯರು 1817ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಬರೆದು ಅಚ್ಚುಹಾಕಿಸಿದರು ಎಂಬುದು ಬಂಗಾಳದ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಗಿಡವನ್ನೂ ನುಡಿಯನ್ನೂ ಅವರು ಒಂದೇ ಶ್ರದ್ಧೆಯಿಂದ ಕಂಡವರು.

ನಮ್ಮ ಪರಿಮಳಗಳು

ಹಾಗಾದರೆ ಕಸ್ಬಾದ ತಾರಸಿಯು ಪರಿಮಳವಿಲ್ಲದೆ ಇರಬೇಕೆ? ಇಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಇಲ್ಲಿಯೇ ನೆನೆಯಬೇಕು.

ದವನವು ಕರ್ನಾಟಕದ ಹೆಮ್ಮೆಯ ಬೆಳೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆಯೆಂಬ ಹೆಸರೇ ಇದೆ. ಇದರ ತೈಲವು ಪರದೇಶಗಳ ಸುಗಂಧ ಉದ್ಯಮಕ್ಕೆ ರಫ್ತಾಗುತ್ತದೆ. ನವೆಂಬರಿನಲ್ಲಿ ಬಿತ್ತಿದರೆ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುವ ಈ ಬೆಳೆಗೆ ಬೇಕಾದುದು ಒಣ ಹವೆ, ಮಿತವಾದ ಚಳಿ, ಎಳೆಬಿಸಿಲು. ಕೋಲ್ಕತ್ತೆಯ ಚಳಿಗಾಲವು ಕೊಡುವುದೂ ಇದನ್ನೇ. ಇದರ ಬೀಜವು ಧೂಳಿನಷ್ಟು ಸಣ್ಣದು. ಹಳೆಯದಾದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ದಸರೆಗೆ ಊರಿಗೆ ಹೋದವರು ಆ ವರ್ಷದ ಹೊಸ ಬೀಜವನ್ನೇ ತರಬೇಕು. ಬೀಜವನ್ನು ಮರಳಿನೊಡನೆ ಬೆರೆಸಿ ಅಗಲವಾದ ಕುಂಡದಲ್ಲಿ ತೆಳುವಾಗಿ ಚೆಲ್ಲಿ, ಹನಿಹನಿಯಾಗಿ ನೀರು ಚಿಮುಕಿಸಬೇಕು. ಒಣಗಿದ ಮೇಲೆಯೂ ದವನದ ಪರಿಮಳವು ಉಳಿಯುವುದರಿಂದ ಬಟ್ಟೆಯ ಪೆಟ್ಟಿಗೆಗೆ ಇದು ಲ್ಯಾವೆಂಡರಿಗೆ ಸರಿಸಾಟಿ.

ಲಾವಂಚಕ್ಕಂತೂ ಬಂಗಾಳದ ಮಳೆಯೇ ಹಬ್ಬ. ಲ್ಯಾವೆಂಡರ್ ಸಾಯುವ ನೀರಿನಲ್ಲಿ ಇದು ಬಾಳುತ್ತದೆ. ಆಳವಾದ ಡ್ರಮ್ಮಿನಲ್ಲಿಯೋ ಮಣ್ಣು ತುಂಬಿದ ಸೆಣಬಿನ ಚೀಲದಲ್ಲಿಯೋ ನೆಟ್ಟರೆ ಒಂದೂವರೆ ವರ್ಷದಲ್ಲಿ ಬೇರು ತೆಗೆಯಬಹುದು. ಕಾಮಕಸ್ತೂರಿಯನ್ನು ಬೇಸಿಗೆಯಲ್ಲಿಯೂ ಮರುಗವನ್ನು ಚಳಿಗಾಲದಲ್ಲಿಯೂ ಸಣ್ಣ ಕುಂಡಗಳಲ್ಲಿ ಬೆಳೆಸಬಹುದು. ಲ್ಯಾವೆಂಡರಿನ ಪರಿಮಳಕ್ಕೆ ಮುಖ್ಯ ಕಾರಣವಾದ ಲಿನಲೂಲ್ ಎಂಬ ರಾಸಾಯನಿಕವು ಕಾಮಕಸ್ತೂರಿಯಲ್ಲಿಯೂ ಇದೆಯೆಂಬುದನ್ನು ತಿಳಿದರೆ, ಹಿತ್ತಲ ಗಿಡದ ಮೇಲಿನ ಅನಾದರವು ಕಡಿಮೆಯಾದೀತು.

ಆರೋಗ್ಯ ವಿಚಾರ

ಲ್ಯಾವೆಂಡರಿನ ವೈದ್ಯಕೀರ್ತಿಗೆ ಒಂದು ಇತಿಹಾಸವಿದೆ. 1910ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ-ಮಾರಿಸ್ ಗಟ್ಟೆಫೋಸೆಯು ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟುಕೊಂಡು, ಗಾಯಕ್ಕೆ ಲ್ಯಾವೆಂಡರ್ ತೈಲವನ್ನು ಬಳಸಿದನು. 1937ರಲ್ಲಿ ಅವನು ಪ್ರಕಟಿಸಿದ ಪುಸ್ತಕದಿಂದಲೇ 'ಅರೋಮಾಥೆರಪಿ' ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಹಾಗೆಂದು ಇಂದು ಮನೆಯಲ್ಲಿ ಸುಟ್ಟಗಾಯಕ್ಕೆ ಈ ತೈಲವನ್ನು ಸುರಿಯಕೂಡದು. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿದು ವೈದ್ಯರಲ್ಲಿಗೆ ಹೋಗುವುದೇ ಸರಿಯಾದ ಕ್ರಮ.

ಯೂರೋಪಿನ ಔಷಧ ಪ್ರಾಧಿಕಾರವು ಅಲ್ಪಸ್ವಲ್ಪ ಮಾನಸಿಕ ಒತ್ತಡಕ್ಕೂ ನಿದ್ರೆಗೆ ನೆರವಾಗಲೂ ಲ್ಯಾವೆಂಡರನ್ನು 'ಪಾರಂಪರಿಕ ಬಳಕೆ'ಯ ಮದ್ದೆಂದು ಒಪ್ಪಿದೆ. ಜರ್ಮನಿಯಲ್ಲಿ ಅಳತೆಮಾಡಿ ತಯಾರಿಸಿದ 80 ಮಿಲಿಗ್ರಾಂ ತೈಲದ ಗುಳಿಗೆಯು ಕಳವಳವನ್ನು ತಗ್ಗಿಸುತ್ತದೆಂದು ಪರೀಕ್ಷೆಗಳು ತೋರಿಸಿವೆ. ಆದರೆ ಆ ಗುಳಿಗೆ ಬೇರೆ. ಅಂಗಡಿಯಲ್ಲಿ ಪರಿಮಳಕ್ಕೆಂದು ಮಾರುವ ಸೀಸೆಯ ತೈಲ ಬೇರೆ. ಸೀಸೆಯ ತೈಲವನ್ನು ಎಷ್ಟು ಮಾತ್ರಕ್ಕೂ ಕುಡಿಯಕೂಡದು.

ಮನೆಯಲ್ಲಿ ಮಕ್ಕಳಿದ್ದರೆ ಇನ್ನಷ್ಟು ಎಚ್ಚರ ಬೇಕು. ಬಣ್ಣದ ಪುಟ್ಟ ಸೀಸೆಯು ಮಗುವಿನ ಕಣ್ಣಿಗೆ ಸಿಹಿ ಔಷಧದಂತೆ ಕಾಣುತ್ತದೆ. ನುಂಗಿದರೆ ಮಂಪರು, ವಾಂತಿ, ಉಸಿರಾಟದ ತೊಂದರೆ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. 2007ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು, ಇಂತಹ ತೈಲಗಳುಳ್ಳ ವಸ್ತುಗಳನ್ನು ನಿತ್ಯ ಬಳಸಿದ ಮೂವರು ಬಾಲಕರಿಗೆ ಸ್ತನ ಬೆಳೆದ ಪ್ರಸಂಗವನ್ನು ಪ್ರಕಟಿಸಿತು. ಈ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆಯಾದರೂ ಮಕ್ಕಳ ಮೈಗೆ ದಿನವೂ ಲೇಪಿಸದಿರುವುದು ಲೇಸು. ಗಾಳಿ ತಾಗಿ ಹಳೆಯದಾದ ತೈಲವು ಚರ್ಮದಲ್ಲಿ ತುರಿಕೆಯನ್ನೂ ತರಬಲ್ಲುದು.

ವೃದ್ಧರ ವಿಚಾರವನ್ನೂ ಇಲ್ಲಿ ಹೇಳಬೇಕು. ನಿದ್ರೆ ಬಾರದ ಹಿರಿಯರ ದಿಂಬಿನ ಬಳಿ ಒಣ ಹೂವಿನ ಚೀಲವನ್ನಿಡುವುದರಲ್ಲಿ ದೋಷವಿಲ್ಲ. ಆದರೆ ಅದನ್ನು ನೆಚ್ಚಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಕೂಡದು. ಇರುಳಿನಲ್ಲಿ ಪದೇ ಪದೇ ಮೂತ್ರಕ್ಕೆ ಏಳುವುದು, ಮಲಗಿದರೆ ಉಸಿರುಕಟ್ಟುವುದು, ಮನಸ್ಸಿನ ಖಿನ್ನತೆ, ಇವೆಲ್ಲವೂ ನಿದ್ರೆಗೆಡುವುದಕ್ಕೆ ಕಾರಣಗಳಾಗಿರಬಹುದು. ಪರಿಮಳವು ರೋಗವನ್ನು ಮರೆಸಬಹುದೇ ಹೊರತು ಕಳೆಯಲಾರದು. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ ವೈದ್ಯರನ್ನು ಕಾಣಲೇಬೇಕು.

ಕುಂಡದ ಕೆಳಗಿನ ತಟ್ಟೆ

ಲ್ಯಾವೆಂಡರ್ ಸೊಳ್ಳೆಯನ್ನು ಓಡಿಸುತ್ತದೆಂಬ ನಂಬಿಕೆಯು ಕೋಲ್ಕತ್ತೆಯಲ್ಲಿ ಅಪಾಯಕ್ಕೆ ದಾರಿಯಾಗಬಹುದು. ಬಾಗಿಲ ಬಳಿ ಕುಂಡವನ್ನಿಟ್ಟ ಮಾತ್ರಕ್ಕೆ ಸೊಳ್ಳೆ ಹೋಗುವುದಿಲ್ಲ. ಮೈಗೆ ಹಚ್ಚಿದ ತೈಲದ ಪ್ರಭಾವವೂ ಅಲ್ಪಕಾಲದ್ದು. ಬದಲಾಗಿ, ಆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರೇ ಡೆಂಗೆ ಜ್ವರದ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಮೊಟ್ಟೆಯಿಂದ ರೆಕ್ಕೆ ಬಲಿಯುವ ತನಕ ಅದಕ್ಕೆ ಬೇಕಾದುದು ಎಂಟು ಹತ್ತು ದಿನಗಳು ಮಾತ್ರ. 1963ರಲ್ಲಿ ಈ ನಗರವು ರಕ್ತಸ್ರಾವದ ಡೆಂಗೆಯ ದೊಡ್ಡ ಪಿಡುಗನ್ನು ಕಂಡಿತ್ತು. ಇಂದಿಗೂ ಪ್ರತಿ ಮಳೆಗಾಲವೂ ಆ ಭಯವನ್ನು ಹೊತ್ತೇ ಬರುತ್ತದೆ.

ಇಲ್ಲಿ ಒಂದು ಹಳೆಯ ಘಟನೆಯು ಸ್ಮರಣೀಯ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಕಿಟಕಿಯ ಹೊರಗಿನ ಪೀಪಾಯಿಯ ನೀರಿನಲ್ಲಿ ಸೊಳ್ಳೆಯ ಮರಿಗಳನ್ನು ಕಂಡನು. ನೀರನ್ನು ಚೆಲ್ಲಿಸಿದೊಡನೆ ಸೊಳ್ಳೆಯ ಕಾಟ ತಗ್ಗಿತು. ಅದೇ ರಾಸ್ 1898ರಲ್ಲಿ ಕೋಲ್ಕತ್ತೆಯಲ್ಲಿ, ಮಲೇರಿಯಾ ರೋಗಾಣುವು ಸೊಳ್ಳೆಯ ಮೂಲಕ ಹರಡುವ ಪೂರ್ಣ ಮಾರ್ಗವನ್ನು ಹಕ್ಕಿಗಳಲ್ಲಿ ಸಿದ್ಧಪಡಿಸಿ ತೋರಿಸಿದನು. 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಬೆಂಗಳೂರಿನ ಆ ಪೀಪಾಯಿಯ ಪಾಠವು ಕಸ್ಬಾದ ತಟ್ಟೆಗೂ ಅನ್ವಯಿಸುತ್ತದೆ. ಜೂನಿನಿಂದ ನವೆಂಬರಿನವರೆಗೆ ಕುಂಡಗಳ ಕೆಳಗೆ ತಟ್ಟೆಯನ್ನೇ ಇಡಬಾರದು. ಇಡಲೇಬೇಕಾದರೆ ಅದರಲ್ಲಿ ಮರಳು ತುಂಬಬೇಕು. ಮೊಟ್ಟೆಗಳು ಒಣಗಿದ ಅಂಚಿನಲ್ಲಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆಯ ಬದಿಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು.

ಉಪಸಂಹಾರ

ಸಸ್ಯವೂ ಮನುಷ್ಯನಂತೆಯೇ ತನ್ನ ನೆಲವನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಸುಣ್ಣಕಲ್ಲಿನ ಬೆಟ್ಟದ ಲ್ಯಾವೆಂಡರಿಗೆ ಭದರ್ವಾಹದ ಇಳಿಜಾರು ತವರಿನಂತೆ ಕಂಡಿತು. ಅಲ್ಲಿ ಅದು ರೈತನ ಮನೆಗೆ ಅನ್ನವಾಯಿತು. ಕಸ್ಬಾದ ಒದ್ದೆ ಗಾಳಿಯಲ್ಲಿ ಅದನ್ನು ಬಲವಂತದಿಂದ ನಿಲ್ಲಿಸುವುದಕ್ಕಿಂತ, ಬಂಗಾಳದ ಚಳಿಯಲ್ಲಿ ನಾಲ್ಕು ತಿಂಗಳು ನಗಬಲ್ಲ ದವನವನ್ನೂ ಬಂಗಾಳದ ಮಳೆಯಲ್ಲಿ ಬೇರುಬಿಡಬಲ್ಲ ಲಾವಂಚವನ್ನೂ ನೆಡುವುದು ವಿವೇಕ. ಊರಿನಿಂದ ತಂದ ಒಂದು ಚಿಟಿಕೆ ಬೀಜವು ತಾರಸಿಯ ಕುಂಡದಲ್ಲಿ ಮೊಳೆತರೆ, ಪರಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅಜ್ಜಿಯ ದೇವರಮನೆಯ ಪರಿಮಳವು ಪರಿಚಯವಾದೀತು. ಕುಂಡದ ತಟ್ಟೆಯು ಒಣಗಿರಲಿ, ತೈಲದ ಸೀಸೆಯು ಮಕ್ಕಳ ಕೈಗೆಟುಕದಿರಲಿ. ಹಿತ್ತಲ ಗಿಡವು ಮದ್ದಾಗುವುದು ಆಗಲೇ.